ಕಾಗದದ ಹದಿನಾರು

ಗುರುವಾರ ಮಧ್ಯಾಹ್ನ ಫರ್‌ಶಾದ್ ರೊಟ್ಟಿ ತರಲು ಹೋದ ಅರ್ಧ ಗಂಟೆ ಅಂಗಡಿ ತಂಗಿ ತೂಬಾಳ ಕೈಯಲ್ಲಿತ್ತು. ಅಡಿಗೆಮನೆಯಿಂದ ಮುಂಗೋಣೆಯ ವಿಡಿಯೋ ಗೇಮ್ ಅಂಗಡಿಗೆ ಒಂದು ಬಾಗಿಲು, ಬಾಗಿಲಿಗೆ ಪರದೆ. ಹುಡುಗರು ಕೂರುವ ಜಾಗದಲ್ಲಿ ಹೆಣ್ಣುಮಗಳು ಕಾಣುವುದು ಬೇಡವೆಂದು ಅಪ್ಪ ಯದುಲ್ಲಾ ಪರದೆಯ ಈಚೆಗೆ ಅವಳಿಗೊಂದು ಸ್ಟೂಲು ಹಾಕಿಕೊಟ್ಟಿದ್ದ. ಬಂದವರು ಸಂದಿಯಿಂದ ಗುರುತಿನ ಪುಸ್ತಕ ಚಾಚುತ್ತಿದ್ದರು. ಅವಳು ಹೆಸರು, ವಯಸ್ಸು, ಯಾವ ಗೇಮು, ಅದರ ಡಬ್ಬಿಯ ಮೇಲೆ ಯಾವ ಅಂಕಿ ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆದು ಒಳಗೆ ಬಿಡುತ್ತಿದ್ದಳು. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದರೂ ಅವಳ ಅಕ್ಷರ ದುಂಡಗಿತ್ತು.

ಡಬ್ಬಿಗೆ ಅಂಕಿ ಅಂಟಿಸುವುದು ರಾಜಧಾನಿಯ ಒಂದು ಕಚೇರಿ. ಕಾರು ಓಡಿಸುವ ಗೇಮಿಗೆ ಮೂರೋ ಏಳೋ, ಕತ್ತಿ ಹಿಡಿಯುವುದಕ್ಕೆ ಹನ್ನೆರಡು, ಬಂದೂಕು ಹಿಡಿದು ಎದುರಿಗೆ ಸಿಕ್ಕವರನ್ನು ಉರುಳಿಸುವುದಕ್ಕೆ ಹದಿನೈದು, ರಕ್ತ ಇನ್ನೂ ಹೆಚ್ಚಾದರೆ ಹದಿನೆಂಟು. ಹದಿನೆಂಟರದ್ದನ್ನು ಯದುಲ್ಲಾ ತರುತ್ತಲೇ ಇರಲಿಲ್ಲ. ಉಳಿದವಕ್ಕೆ ಅವನ ನಿಯಮ ಒಂದೇ. “ಮುಖ ನೋಡಬೇಡಿ, ಕಾಗದ ನೋಡಿ. ನಾಳೆ ಯಾರಾದ್ರೂ ಕೇಳಿದ್ರೆ ಮುಖ ತೋರ್ಸಕ್ಕಾಗುತ್ತಾ? ಕಾಗದ ತೋರ್ಸಬಹುದು.”

“ತೂಬಕ್ಕ, ಬೇಗ ಬರಿ. ಜಾಗ ಹೋಗ್ಬಿಡುತ್ತೆ,” ಎಂದು ಆ ಮಧ್ಯಾಹ್ನ ಪುಸ್ತಕ ಚಾಚಿದವನು ಪೂಯಾ, ಹಿಂದಿನ ಬೀದಿಯ ರುಖ್ಸಾರೆಯ ಮಗ. ಮನೆಯಲ್ಲೂ ಬೀದಿಯಲ್ಲೂ ಪೂಯಾ. ಪುಸ್ತಕದಲ್ಲಿ ಮಾತ್ರ ಮಿಲಾದ್. ಪುಸ್ತಕದ ಪ್ರಕಾರ ಅವನಿಗೆ ಹದಿನಾರು. ಅವನಿಗೆ ಹದಿಮೂರು ಎಂದು ತೂಬಾಳಿಗೆ ಗೊತ್ತಿತ್ತು. ಅವನು ಹುಟ್ಟಿದಾಗ ಏಳು ವರ್ಷದ ಅವಳು ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದಳು.

“ನಿನ್ನೆ ತಾನೇ ಬಂದಿದ್ಯಲ್ಲೋ.”

“ನಿನ್ನೆ ಸೀನಾ ಸೋಲಿಸ್ದ. ಇವತ್ತು ಅವನ ಬೆನ್ನಿಗೇ ಗುಂಡು.”

ತೂಬಾ ನಕ್ಕಳು. ವಯಸ್ಸು ಹದಿನಾರು, ಅಂಕಿ ಹದಿನೈದು ಎಂದು ಬರೆದು ಪರದೆ ಸರಿಸಿದಳು.

ಫರ್‌ಶಾದ್ ರೊಟ್ಟಿಯ ಕಟ್ಟು ಹೊತ್ತು ಬರುವ ಹೊತ್ತಿಗೆ ಪೂಯಾ, ಸೀನಾ ಇಬ್ಬರೂ ಜಗಳ ಮಾಡಿಕೊಂಡು ಬೀದಿಗೆ ಇಳಿದಿದ್ದರು. ಸೀನಾ ಮೋಸ ಮಾಡಿದ ಎಂದು ಇವನು, ಆಡಲು ಬಾರದವನು ಅಮ್ಮನ ಮಡಿಲಿಗೆ ಹೋಗು ಎಂದು ಅವನು. ಸೀನಾ ವಯಸ್ಸಿನಲ್ಲೂ ಮೈಯಲ್ಲೂ ದೊಡ್ಡವನು. ಪೂಯಾನ ಕತ್ತುಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಗೋಡೆಯ ಬುಡದಲ್ಲಿ ಒಲೆಗೆಂದು ಖರ್ಜೂರದ ಗರಿಯ ಒಣ ಬುಡಗಳನ್ನು ಯಾರೋ ಪೇರಿಸಿಟ್ಟಿದ್ದರು. ಪೂಯಾ ಒಂದನ್ನು ಎತ್ತಿಕೊಂಡ. ಎರಡು ಏಟು. ಎರಡನೆಯದಕ್ಕೆ ಸೀನಾ ಚರಂಡಿಯ ಅಂಚಿಗೆ ಬಿದ್ದ, ಏಳಲಿಲ್ಲ.

ಸಂಜೆಯೊಳಗೆ ಇಡೀ ಬಾಮ್ ಊರಿಗೆ ಒಂದೇ ಮಾತು ಸಿಕ್ಕಿತ್ತು: ಯದುಲ್ಲಾನ ಅಂಗಡಿಯಲ್ಲಿ ಹೊಡೆಯೋದು ಕಲಿತ, ಹೊರಗೆ ಬಂದು ಹೊಡೆದ. ಸೀನಾನನ್ನು ಕೆರ್ಮಾನಿನ ಆಸ್ಪತ್ರೆಗೆ ಒಯ್ದರು; ಅವನಿಗೆ ಎಚ್ಚರವಿರಲಿಲ್ಲ. ಪೊಲೀಸರು ಪೂಯಾನನ್ನು ಒಯ್ದರು, ಆಮೇಲೆ ಬಂದು ಫರ್‌ಶಾದನನ್ನೂ ರಿಜಿಸ್ಟರನ್ನೂ ಒಯ್ದರು, ಅಂಗಡಿಯ ಬಾಗಿಲಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದರು. ಊರಿನ ಉಳಿದ ಐದು ಗೇಮ್ ಅಂಗಡಿಗಳಿಗೂ ಮುದ್ರೆ ಬಿತ್ತು.

ಅಡಿಗೆಮನೆಯ ಕಡೆಯ ಬಾಗಿಲಿಗೆ ಮುದ್ರೆ ಹಾಕಲು ಅವರಿಗೆ ಹೊಳೆಯಲಿಲ್ಲ. ಆದರೂ ಆ ದಿನದಿಂದ ಮನೆಯಲ್ಲಿ ಯಾರೂ ಆ ಪರದೆ ಮುಟ್ಟಲಿಲ್ಲ.

ಎರಡು ದಿನದ ಮೇಲೆ ಯದುಲ್ಲಾ ಮನೆಯ ಪತ್ರವನ್ನು ಜಾಮೀನಿಗೆ ನ್ಯಾಯಾಲಯದಲ್ಲಿ ಇಟ್ಟು ಮಗನನ್ನು ಬಿಡಿಸಿಕೊಂಡು ಬಂದ. ಅಮ್ಮ ಇಸ್ಮತ್ ಮೇಕೆ ಮಾಂಸ ಬೇಯಿಸಿದ್ದಳು. ಫರ್‌ಶಾದ್ ರೊಟ್ಟಿ ಮುರಿದು ಮುರಿದು ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದ.

“ತಿನ್ನೋ. ಅಲ್ಲೇನು ಹಾಕಿದ್ರೋ ಏನೋ.”

“ಬೇಳೆ ಹಾಕಿದ್ರಮ್ಮ. ಬೈಗುಳನೂ ಹಾಕಿದ್ರು, ಅದೇ ಹೊಟ್ಟೆ ತುಂಬಿದೆ.”

“ಏನ್ ಕೇಳಿದ್ರು?” ಎಂದ ಯದುಲ್ಲಾ.

“ಒಂದೇ ಪ್ರಶ್ನೆ. ಹದಿನೈದರ ಗೇಮನ್ನ ಎಳೆ ಹುಡುಗನಿಗೆ ಯಾಕೆ ಕೊಟ್ಟೆ? ಎಳೆಯವನಲ್ಲ ಸ್ವಾಮಿ, ಕಾಗದದಲ್ಲಿ ಹದಿನಾರಿದೆ, ನನ್ನ ತಂಗಿ ನೋಡಿ ಬರೆದಿದಾಳೆ ಅಂದೆ. ಹಾಗಾದ್ರೆ ಅವಳನ್ನೂ ಕೇಳ್ತೀವಿ ಅಂದ್ರು.”

ತೂಬಾ ನೀರಿನ ಜಗ್ಗು ಹಿಡಿದು ನಿಂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೆ ಜಗ್ಗನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಟೀವಿಯಲ್ಲಿ ಯಾರೋ ದೊಡ್ಡವರು ಮಾತಾಡುತ್ತಿದ್ದರು. ಅಂಕಿ ಅಂಟಿಸುವುದರಿಂದ ಮಕ್ಕಳು ಉಳಿಯುವುದಿಲ್ಲ, ಹೊಡೆದಾಟದ ಗೇಮುಗಳನ್ನೆಲ್ಲ ಸರ್ಕಾರವೇ ಪೂರ್ತಿ ನಿಲ್ಲಿಸಬೇಕು, ಅಂಥ ಅಂಗಡಿಗಳು ಒಂದೂ ಇರಬಾರದು ಎನ್ನುತ್ತಿದ್ದರು.

“ಕೇಳಿಸ್ಕೊಂಡ್ರಾ?” ಎಂದ ಯದುಲ್ಲಾ. “ಅಂಕಿ ಅಂಟಿಸಿದ್ದೂ ಅವರೇ, ಪರವಾನಗಿ ಕೊಟ್ಟಿದ್ದೂ ಅವರೇ, ಬೀಗ ಹಾಕಿದ್ದೂ ಅವರೇ. ನಾನು ಮಧ್ಯೆ ನಿಂತು ಏನು ಮಾಡ್ದೆ? ಅವರು ಹೇಳ್ದಂಗೆ ಕೇಳ್ದೆ.”

“ನಿಲ್ಲಿಸಿದ್ರೆ ಫೋನಲ್ಲಿ ಆಡ್ತಾರೆ ಅಪ್ಪ,” ಎಂದ ಫರ್‌ಶಾದ್. “ಫೋನಿಗೆ ಯಾರು ಅಂಕಿ ಅಂಟಿಸ್ತಾರೆ?”

ಮೂಲೆಯಲ್ಲಿ ಒರಗಿ ಕೂತಿದ್ದ ಅಜ್ಜಿ ಬಾಯಿಯ ತುತ್ತು ಮುಗಿಸಿದಳು. ಯದುಲ್ಲಾನ ತಾಯಿ ಅವಳು; ಮನೆಯವರೆಲ್ಲ ಬೀಬಿ ಎನ್ನುತ್ತಿದ್ದರು. “ಡಬ್ಬಿಗೆ ಅಂಕಿ ಅಂಟಿಸಿ ಕೂತ್ರಾಯ್ತಾ? ಮಗೂ ಮುಖ ನೋಡೋರು ಯಾರು?”

“ನೀವೇ ನೋಡಿದ್ರಲ್ಲ ಬೀಬಿ, ಅವನು ಭೂಮಿಗೆ ಬಿದ್ದಾಗ,” ಎಂದಳು ಇಸ್ಮತ್. “ಆಗಲೇ ಹಣೆಗೆ ಒಂದು ಅಂಕಿ ಅಂಟಿಸಿಬಿಡಬೇಕಿತ್ತು.”

ಬೀಬಿ ಮಾತಾಡಲಿಲ್ಲ. ಹಾಗೆ ಅವಳು ಸುಮ್ಮನಾದದ್ದನ್ನು ತೂಬಾ ನೋಡಿರಲೇ ಇಲ್ಲ. ಸೊಸೆಯ ಒಂದು ಮಾತಿಗೆ ಮೂರು ಮಾತು ಇಟ್ಟುಕೊಂಡಿರುತ್ತಿದ್ದ ಹೆಂಗಸು ಅವಳು.

ಪೂಯಾನ ಕಾಗದದ ಕಥೆ ಆ ಬೀದಿಯ ಹಳಬರಿಗೆ ಗೊತ್ತಿದ್ದದ್ದೇ. ರುಖ್ಸಾರೆಯ ಚೊಚ್ಚಲು ಮಗು ಮಿಲಾದ್. ಇಡೀ ಊರನ್ನೇ ಕೆಡವಿದ ಭೂಕಂಪದ ಬೆಳಗ್ಗೆ ಎಂಟು ತಿಂಗಳ ಕೂಸು, ಮಣ್ಣಿನ ಚಾವಣಿಯ ಕೆಳಗೆ ಹೋಯಿತು. ಆ ವಾರ ಉದ್ದುದ್ದ ತೋಡಿದ ಗುಂಡಿಗಳಲ್ಲಿ ಊರಿಗೆ ಊರೇ ಮಲಗಿತು. ಯಾರ ಕಾಗದವನ್ನೂ ಯಾರೂ ಕೇಳಲಿಲ್ಲ. ಮಗುವಿನ ಗುರುತಿನ ಪುಸ್ತಕ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಉಳಿದುಕೊಂಡಿತ್ತು. ಮೂರು ವರ್ಷದ ಮೇಲೆ ಸರ್ಕಾರ ಕೊಟ್ಟಿದ್ದ ತಗಡಿನ ಮನೆಯಲ್ಲಿ ಪೂಯಾ ಹುಟ್ಟಿದ. ಪಕ್ಕದ ತಗಡಿನ ಮನೆಯಿಂದ ಬೀಬಿ ಹೋಗಿ ಹೊಕ್ಕುಳಬಳ್ಳಿ ಕತ್ತರಿಸಿದಳು. ಹೊಸ ಪುಸ್ತಕ ಮಾಡಿಸಲಿಲ್ಲ. ಸತ್ತವನ ಪುಸ್ತಕವೇ ಬದುಕಿದವನಿಗೆ ಬಂತು. ಹಾಗೆ ಮಾಡಿದ ಮನೆಗಳು ಒಂದೆರಡಲ್ಲ. ಶಾಲೆಗೆ ತಡವಾಗಿ ಸೇರಿಸಿದಾಗ ಮೇಷ್ಟ್ರು ಕೇಳಲಿಲ್ಲ. ಹೋದ ವರ್ಷ ಪುಸ್ತಕಕ್ಕೆ ಫೋಟೋ ಅಂಟಿಸಲು ಹೋದಾಗ ಗುಮಾಸ್ತ, “ಹದಿನೈದಕ್ಕೆ ತೀರಾ ಸಣ್ಣಗಿದಾನಲ್ಲ,” ಎಂದನಂತೆ. “ಭೂಕಂಪದ ವರ್ಷದ ಕೂಸು, ಹಾಲಿರಲಿಲ್ಲ,” ಎಂದಿದ್ದಳಂತೆ ರುಖ್ಸಾರೆ. ಗುಮಾಸ್ತ ತಲೆ ತಗ್ಗಿಸಿ ಮುದ್ರೆ ಹಾಕಿದ.

ಎರಡನೆಯ ವಾರ ರುಖ್ಸಾರೆ ಬಂದಳು. ಖರ್ಜೂರ ತುಂಬುವ ಶೆಡ್ಡಿನಿಂದ ನೇರ ಬಂದಿದ್ದಳು, ಬೆರಳುಗಳು ಇನ್ನೂ ಅಂಟಂಟಾಗಿದ್ದವು. ಇಸ್ಮತ್ ಬಟ್ಟೆ ಹಿಂಡುತ್ತಿದ್ದವಳು ಹಿಂಡುತ್ತಲೇ ಇದ್ದಳು. ಕೂರು ಎನ್ನಲಿಲ್ಲ, ಚಹಾ ತಾ ಎಂದು ತೂಬಾಳಿಗೆ ಹೇಳಲಿಲ್ಲ.

“ಇಸ್ಮತ್ ಅಕ್ಕ, ಮೂಳೆ ನೋಡೋ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು ಅವನ್ನ. ಹದಿಮೂರೂ ಇರಬಹುದು ಹದಿನಾರೂ ಇರಬಹುದು ಅಂತ ಬರೆದ್ರಂತೆ.”

“ಸರಿ ಹಾಗಾದ್ರೆ.”

“ಎಲ್ಲಿ ಸರಿ ಅಕ್ಕ? ನಾನು ಹೇಳ್ದೆ, ಅವನಿಗೆ ಹದಿಮೂರು ಅಂತ. ಎಲ್ಲಾ ತಾಯಂದ್ರೂ ಹಾಗೇ ಹೇಳ್ತಾರೆ ಅಂದ್ರು. ಕಾಗದ ತೋರ್ಸು ಅಂದ್ರು. ನನ್ನ ಕಾಗದನೇ ನನ್ನ ಬಾಯಿಗೆ ಹೊಡೀತು.”

“ನಾವೇನು ಮಾಡೋಣ ಅಂತೀಯ?”

“ಹದಿಮೂರಾದ್ರೆ ಮಕ್ಕಳ ಜಾಗಕ್ಕೆ ಕಳಿಸ್ತಾರಂತೆ, ಬುದ್ಧಿ ಹೇಳ್ತಾರಂತೆ. ಹದಿನೈದು ದಾಟಿದ್ರೆ ದೊಡ್ಡವನ ಲೆಕ್ಕವಂತೆ. ಸೀನಾ ಉಳ್ಕೊಂಡ್ರೆ ಹೇಗೋ ಆಗುತ್ತೆ. ಉಳೀದೇ ಹೋದ್ರೆ…” ರುಖ್ಸಾರೆಯ ಕೈ ತನ್ನ ಕುತ್ತಿಗೆಗೆ ಹೋಗಿ ಚಾದರವನ್ನು ಬಿಗಿಯಾಗಿ ಹಿಡಿಯಿತು. “ಅವರಪ್ಪ ಅಮ್ಮ ಪ್ರಾಣಕ್ಕೆ ಪ್ರಾಣ ಕೇಳಬಹುದಂತೆ.”

ಇಸ್ಮತ್ ಹಿಂಡಿದ ಬಟ್ಟೆಯನ್ನೇ ಮತ್ತೊಮ್ಮೆ ಹಿಂಡಿದಳು.

“ಅವನು ಹುಟ್ಟಿದ್ದು ನಿಮ್ಮ ಮನೆಯವರ ಕೈಮೇಲೆ,” ಎಂದಳು ರುಖ್ಸಾರೆ. “ನೀವು ಹೇಳಿದ್ರೆ ನಂಬ್ತಾರೆ.”

“ಹೇಳಿದ್ರೆ ನಮಗೇನಾಗುತ್ತೆ ಅಂತ ಗೊತ್ತಾ? ಹದಿಮೂರು ಅಂತ ಗೊತ್ತಿದ್ದೂ ಹದಿನೈದರ ಗೇಮು ಆಡಿಸಿದ್ರು ಅಂತಾರೆ. ಅಂಗಡಿ ಹೋಗುತ್ತೆ. ನನ್ನ ಮಗ ಮತ್ತೆ ಒಳಗೆ ಹೋಗ್ತಾನೆ. ನಿನಗೂ ಒಬ್ಬ ಮಗ, ನನಗೂ ಒಬ್ಬನೇ ಮಗ ರುಖ್ಸಾರೆ.”

“ನಿಮ್ಮ ಮಗ ಒಳಗೆ ಹೋದ್ರೆ ಈಚೆಗೆ ಬರ್ತಾನೆ ಅಕ್ಕ.”

ಇಸ್ಮತ್ ಕೈಯಲ್ಲಿದ್ದ ಬಟ್ಟೆಯನ್ನು ತಂತಿಗೆ ಹಾಕಲು ಹೋದಳು. ಒಮ್ಮೆ ಹಾಕಿದಳು, ಜಾರಿ ಬಿತ್ತು. ಮತ್ತೆ ಜಾಲಿಸಿ ಹಾಕಿದಳು. ಅವಳು ತಿರುಗುವಷ್ಟರಲ್ಲಿ ರುಖ್ಸಾರೆ ಹೋಗಿದ್ದಳು.

ಆಮೇಲಿನ ದಿನಗಳಲ್ಲಿ ಎರಡೂ ಮನೆಯವರ ಪ್ರಾರ್ಥನೆ ಒಂದೇ ಆಯಿತು. ಸೀನಾ ಕಣ್ಣು ಬಿಡಲಿ. ಬೀದಿಯಲ್ಲಿ ಯಾರ ಫೋನು ಬಡಿದರೂ ಇಸ್ಮತ್ ಒಲೆ ತಗ್ಗಿಸಿ ಕಿವಿಗೊಡುತ್ತಿದ್ದಳು. ಅವನ ಬೆರಳು ಅಲುಗಿತಂತೆ ಎಂದು ಒಂದು ದಿನ ಸುದ್ದಿ ಬಂತು. ಆ ದಿನ ಯದುಲ್ಲಾ ಎರಡು ಸಲ ಅನ್ನ ಹಾಕಿಸಿಕೊಂಡ. ಮರುದಿನ ಅದು ಸುಳ್ಳೆಂದು ತಿಳಿಯಿತು.

ಊಟಕ್ಕೆ ಕೂತಾಗಲೆಲ್ಲ ಯದುಲ್ಲಾ ಮಗಳಿಂದ ಪಾಠ ಒಪ್ಪಿಸಿಕೊಳ್ಳುವಂತೆ ಕೇಳುತ್ತಿದ್ದ.

“ನೀನು ಏನು ನೋಡ್ದೆ?”

“ಪುಸ್ತಕ.”

“ಪುಸ್ತಕದಲ್ಲಿ ಏನಿತ್ತು?”

“ಹದಿನಾರು.”

“ಮುಖ?”

“ಪರದೆ ಇತ್ತು. ನೋಡಲಿಲ್ಲ.”

“ಅಷ್ಟೇ. ಒಂದು ಮಾತು ಹೆಚ್ಚು ಬೇಡ, ಒಂದು ಕಡಿಮೆ ಬೇಡ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳು?”

ತೂಬಾ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ರೊಟ್ಟಿ ಅಂಗಡಿಯ ಸಾಲಿನಲ್ಲಿ ಹಿಂದೆ ಯಾರಾದರೂ ಹದಿನಾರು ಎಂದರೆ, ಅದು ರೊಟ್ಟಿಯ ಲೆಕ್ಕವಾಗಿದ್ದರೂ, ಅವಳು ತಿರುಗಿ ನೋಡುತ್ತಿದ್ದಳು.

ಇಪ್ಪತ್ತನೆಯ ದಿನ ಬೆಳಗ್ಗೆ, ಊರಿನಲ್ಲಿ ಸತ್ತವರ ಹೆಸರು ಸಾರುವ ಮಸೀದಿಯ ಧ್ವನಿವರ್ಧಕ ಸೀನಾನ ಹೆಸರು ಹೇಳಿತು. ಇಸ್ಮತ್ ಟೊಮೆಟೊ ಹುರಿದು ಮೊಟ್ಟೆ ಒಡೆಯುತ್ತಿದ್ದಳು. ಧ್ವನಿ ಎರಡನೆಯ ಸಲ ಹೇಳುವಾಗ ಒಲೆ ಆರಿಸಿದಳು. ಫರ್‌ಶಾದ್ ಅಂಗಳಕ್ಕೆ ಓಡಿಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡಿದ. ಯದುಲ್ಲಾ ಚಹಾ ಲೋಟವನ್ನು ತುಟಿಗೆ ಇಟ್ಟುಕೊಂಡೇ ಕೂತಿದ್ದ, ಕುಡಿಯಲಿಲ್ಲ. ಹತ್ತು ಗಂಟೆಗೆ ಒಬ್ಬ ಪೇದೆ ಬಂದು ತೂಬಾಳ ಹೆಸರಿನ ಕಾಗದ ಕೊಟ್ಟುಹೋದ. ಬುಧವಾರ, ಬೆಳಗ್ಗೆ ಒಂಬತ್ತಕ್ಕೆ.

ಮಂಗಳವಾರ ಮಧ್ಯಾಹ್ನ ತೂಬಾ ಮತ್ತು ಬೀಬಿ ಖರ್ಜೂರದ ಬೀಜ ಬಿಡಿಸುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡಸರು ವಕೀಲನನ್ನು ಕಾಣಲು ಹೋಗಿದ್ದರು, ಸೀನಾನ ಮನೆಗೆ ದುಃಖ ಕೇಳಲು ಹೋಗಿದ್ದ ಇಸ್ಮತಳನ್ನು ಅವರು ಬಾಗಿಲಿಂದಲೇ ಕಳಿಸಿದ್ದರು, ಅವಳಿನ್ನೂ ದಾರಿಯಲ್ಲಿದ್ದಳು.

“ಬೀಬಿ, ನಾಳೆ ನಾನೇನು ಹೇಳ್ಲಿ?”

“ನಿಮ್ಮಪ್ಪ ಕಲಿಸಿಲ್ವಾ?”

“ಕಲಿಸಿದಾರೆ.”

ಬೀಬಿ ಒಂದು ಹಣ್ಣನ್ನು ಬಿಡಿಸಿದಳು, ಬೀಜವನ್ನು ಬೇರೆ ತಟ್ಟೆಗೆ ಹಾಕಿದಳು, ಇನ್ನೊಂದನ್ನು ಎತ್ತಿಕೊಂಡಳು. “ಅವತ್ತು ಮಗೂನ ಒರೆಸಿ ತಾಯಿ ಎದೆ ಮೇಲೆ ಮಲಗಿಸ್ದೆ. ರುಖ್ಸಾರೆ ಮುಖ ತಿರುಗಿಸ್ಕೊಂಡ್ಲು. ಇವನು ನನ್ನ ಮಗ ಅಲ್ಲ, ನನ್ನ ಮಗ ಮಣ್ಣಲ್ಲಿದಾನೆ ಅಂದ್ಲು. ಮೂರು ದಿನ ಹಾಲು ಕೊಡಲಿಲ್ಲ ಕಣೇ. ನಾನು ಸಕ್ಕರೆ ನೀರು ನೆಕ್ಕಿಸಿದೆ.”

“ಆಮೇಲೆ?”

“ಆಮೇಲೆ ಆ ತಗಡಿನ ಡಬ್ಬಿ ತೆಗೆದೆ. ನೋಡು, ಅವನ ಪುಸ್ತಕ ಇಲ್ಲೇ ಇದೆ, ಯಾರೂ ಅವನನ್ನ ಸತ್ತ ಅಂತ ಬರೆದಿಲ್ಲ, ಇವನಿಗೇ ಕೊಡು, ಅವನೇ ತಿರುಗಿ ಬಂದ ಅಂದ್ಕೋ ಅಂದೆ. ಆಗ ಎತ್ತಿಕೊಂಡ್ಲು.” ಬೀಬಿಯ ಬೆರಳು ನಿಂತಿತ್ತು. “ಕಚೇರಿಗೆ ಅಲೆಯೋದೂ ತಪ್ಪುತ್ತೆ ಅಂತಾನೂ ಅಂದೆ. ಅದನ್ನೂ ನಾನೇ ಅಂದಿದ್ದು.”

“ಇದನ್ನ ಯಾರಿಗೂ ಹೇಳಿಲ್ವಾ?”

“ಯಾರು ಕೇಳಿದ್ರು? ಈಗ ಕೇಳ್ತಾರೆ. ಸತ್ತವನ ಕಾಗದ ಬದುಕಿದವನಿಗೆ ಕೊಡಿಸಿದ ಮುದುಕಿ ಯಾರು ಅಂತ ಕೇಳ್ತಾರೆ. ಎಪ್ಪತ್ತೆಂಟಾಯ್ತು ನನಗೆ. ನಿಮ್ಮಮ್ಮನ ಬಾಯಿಗೇ ಹೆದರದವಳು ಆ ಕಚೇರಿ ಮೆಟ್ಟಿಲಿಗೆ ಹೆದರ್ತೀನಿ.”

ಹೊರಗೆ ಇಸ್ಮತಳ ಚಪ್ಪಲಿ ಸದ್ದಾಯಿತು. ಇಬ್ಬರೂ ತಲೆ ತಗ್ಗಿಸಿ ಹಣ್ಣು ಬಿಡಿಸಿದರು.

ಬುಧವಾರ ತನಿಖಾಧಿಕಾರಿಯ ಕೋಣೆಯಲ್ಲಿ ಯದುಲ್ಲಾ ಮಗಳ ಪಕ್ಕದಲ್ಲಿ ಕೂತ. ಅಧಿಕಾರಿ ನಲವತ್ತು ದಾಟಿದವನು, ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ. ರಿಜಿಸ್ಟರ್ ತೆರೆದು ಅವಳ ಕಡೆ ತಿರುಗಿಸಿದ.

“ಇದು ನಿನ್ನ ಅಕ್ಷರವಾ ಮಗಳೇ?”

“ಹೌದು.”

“ಹದಿನಾರು ಅಂತ ಹೇಗೆ ಬರೆದೆ?”

“ಪುಸ್ತಕ ನೋಡಿ.”

“ಮುಖ ನೋಡಿದ್ಯಾ?”

ಅಪ್ಪನ ಮಂಡಿ ಅವಳ ಮಂಡಿಗೆ ತಾಕಿತು. ಪರದೆ ಇತ್ತು ಎಂದು ಹೇಳಬೇಕಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

“ಮುಖ ನೋಡಬೇಕಾಗಿರಲಿಲ್ಲ. ಅವನಿಗೆ ಹದಿಮೂರು ಅಂತ ನನಗೆ ಗೊತ್ತು.”

ಯದುಲ್ಲಾ ಉಸಿರು ಒಳಕ್ಕೆಳೆದುಕೊಂಡ. ಅಧಿಕಾರಿ ಕರವಸ್ತ್ರವನ್ನು ಮೇಜಿನ ಮೇಲಿಟ್ಟ.

“ಗೊತ್ತಿದ್ದೂ ಹದಿನಾರು ಅಂತ ಬರೆದೆ.”

“ಬರೆದೆ.”

“ಅದಕ್ಕೆ ನಿನಗೂ ನಿಮ್ಮಣ್ಣನಿಗೂ ಏನಾಗುತ್ತೆ ಗೊತ್ತಾ?”

“ಗೊತ್ತಿಲ್ಲ. ಹೆದರಿಕೆ ಆಗ್ತಿದೆ.”

ಅವಳು ತಗಡಿನ ಮನೆಯನ್ನು ಹೇಳಿದಳು, ಟಾರ್ಚನ್ನು ಹೇಳಿದಳು. ಅಧಿಕಾರಿ ಬರೆದುಕೊಂಡ, ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿದ.

“ಆಗ ನಿನಗೆಷ್ಟು?”

“ಏಳು.”

“ಏಳು ವರ್ಷದ ಮಗೂ ನೆನಪು. ಎದುರಿಗೆ ಸರ್ಕಾರದ ಮುದ್ರೆ ಇರೋ ಪುಸ್ತಕ, ಫೋಟೋ ಬೇರೆ. ನ್ಯಾಯಾಧೀಶರು ಯಾವುದನ್ನ ಹಿಡೀತಾರೆ? ದೊಡ್ಡವರು ಯಾರಿದ್ರು ಅಲ್ಲಿ? ತಾಯಿ ಲೆಕ್ಕಕ್ಕಿಲ್ಲ.”

ತೂಬಾ ಅಪ್ಪನನ್ನು ನೋಡಲಿಲ್ಲ. “ಮನೇಲಿ ಕೇಳಿ ಹೇಳ್ತೀನಿ,” ಎಂದಳು.

“ಶನಿವಾರದವರೆಗೆ ಕಾಯ್ತೀನಿ. ಆಮೇಲೆ ಫೈಲು ಕೆರ್ಮಾನಿಗೆ ಹೋಗುತ್ತೆ.”

ದಾರಿಯುದ್ದಕ್ಕೂ ಯದುಲ್ಲಾ ಮಗಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಮನೆಯಲ್ಲಿ ಇಸ್ಮತ್ ಸುದ್ದಿ ಕೇಳಿ ಮೊದಲು ನಂಬಲಿಲ್ಲ.

“ಬಾಯೇ ಇಲ್ಲದ ಹುಡುಗಿ ಅಂತ ಊರೆಲ್ಲ ಹೇಳ್ತಿತ್ತು. ಅತಿಥಿ ಬಂದ್ರೆ ಸಲಾಂ ಹೇಳೋಕೆ ನಿನ್ನನ್ನ ಹಿಂದಿಂದ ನೂಕಬೇಕಿತ್ತು. ಅಲ್ಲಿ ಹೋಗಿ ಬಾಯಿ ಬಂತಾ ನಿನಗೆ?”

“ಅವನನ್ನ ನೇಣಿಗೆ ಹಾಕ್ತಾರಮ್ಮ.”

“ನಿನ್ನ ಅಣ್ಣನ್ನ ಏನು ಮಾಡ್ತಾರೆ? ಅದು ಯೋಚ್ನೆ ಬರಲಿಲ್ವಾ? ಹೇಳು ಫರ್‌ಶಾದ್, ನೀನೇ ಕೇಳು ಅವಳನ್ನ.”

ಫರ್‌ಶಾದ್ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. “ನನಗೆ ಮತ್ತೆ ಅಲ್ಲಿಗೆ ಹೋಗಕ್ಕೆ ಭಯ ಅಮ್ಮ,” ಎಂದ. “ಸುಳ್ಳು ಯಾಕೆ ಹೇಳ್ಲಿ. ಇವಳು ಹೀಗೆ ಮಾಡಿದಾಳೆ ಅಂತ ಕೇಳಿ ಕೈಕಾಲು ಆಡ್ತಿಲ್ಲ.” ದಾರ ಗಂಟು ಬಿದ್ದಿತ್ತು, ಅವನು ಅದನ್ನೇ ನೋಡುತ್ತಿದ್ದ. “ಆ ಎರಡು ದಿನ ಅವನು ಪಕ್ಕದ ಕೋಣೇಲಿದ್ದ. ಗಂಟೆಗೊಂದ್ಸಲ ಕೂಗ್ತಿದ್ದ. ಫರ್‌ಶಾದಣ್ಣ, ಸೀನಾ ಎದ್ನಾ? ಅಂತ. ಎದ್ದ, ಮಲ್ಕೋ ಅಂತಿದ್ದೆ ನಾನು.”

ಗುರುವಾರ ಅಡಿಗೆ ಆಯಿತು, ಯಾರೂ ಒಟ್ಟಿಗೆ ಕೂರಲಿಲ್ಲ. ಶುಕ್ರವಾರದ ಪ್ರಾರ್ಥನೆಯಲ್ಲಿ ಗೇಮುಗಳನ್ನು ಊರಿಂದಲೇ ಓಡಿಸಬೇಕೆಂದು ಭಾಷಣವಾಯಿತಂತೆ. ಜನ ತನ್ನ ಕಡೆ ತಿರುಗಿ ನೋಡಿದರೆಂದು ಯದುಲ್ಲಾ ಮನೆಗೆ ಬಂದು ಗೋಡೆಗೆ ಹೇಳಿದ. ಮಗಳಿಗೆ ಹೇಳಲಿಲ್ಲ. ತೂಬಾ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಬೀಬಿಯ ಹೆಸರನ್ನು ತಾನಾಗಿ ಹೇಳಬಾರದು ಎಂದು ನಿರ್ಧರಿಸಿದ್ದಳು. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಅವಳ ತಲೆ ಬಿಡುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಬೀಬಿ ರೊಟ್ಟಿ ಮುಟ್ಟಲಿಲ್ಲ.

“ಯದುಲ್ಲಾ, ಟ್ಯಾಕ್ಸಿ ಕರಿ,” ಎಂದಳು.

“ಎಲ್ಲಿಗಮ್ಮ?”

“ಎಲ್ಲಿಗೆ ಅಂತ ಕೇಳಬೇಡ. ಕೇಳಿದ್ರೆ ನನ್ನ ಕಾಲು ಏಳಲ್ಲ.”

“ಅಮ್ಮ, ನಿನ್ನನ್ನೂ ಕೂರಿಸ್ಕೊಳ್ತಾರೆ ಅಲ್ಲಿ. ಕಳ್ಳ ಕಾಗದ ಅಂತಾರೆ.”

“ಅನ್ನಲಿ. ಆ ಅಂಗಡಿ ಹಾಕ್ಬೇಕಾದ್ರೆ ನನ್ನ ಬಳೆ ಕೊಟ್ಟೆ, ಮರೆತಿದೀಯ. ಅದರ ಅರ್ಧ ಭಾಗ ನನ್ನದು. ನನ್ನ ಅರ್ಧ ಹೋಗ್ಲಿ.”

ಯದುಲ್ಲಾ ಏಳಲಿಲ್ಲ. ಎದ್ದವಳು ಇಸ್ಮತ್. ಅತ್ತೆಯ ಎದುರು ಮಂಡಿಯೂರಿ, ಊದಿದ ಪಾದಗಳಿಗೆ ಕಾಲುಚೀಲ ಏರಿಸತೊಡಗಿದಳು. “ಅಲ್ಲಿ ಮೆಟ್ಟಿಲು ಹದಿನೆಂಟಿವೆ ಬೀಬಿ,” ಎಂದಳು, ತಲೆ ಎತ್ತದೆ. “ನಿಧಾನ ಹತ್ತಿ. ನಿಮ್ಮ ವರ್ಷ ಹೇಳುವಾಗ ಮಾತ್ರ ಕಡಿಮೆ ಮಾಡಬೇಡಿ, ನೀವು ಹಾಗೆ ಮಾಡ್ತೀರ.”

ಕಚೇರಿಯ ಹೊರಗಿನ ಬೆಂಚಿನ ಮೇಲೆ ರುಖ್ಸಾರೆ ಕೂತಿದ್ದಳು. ದಿನಾ ಅಲ್ಲಿಯೇ ಕೂತಿರುತ್ತಾಳೆಂದು ಪೇದೆ ಹೇಳಿದ. ತೂಬಾಳ ಹೆಗಲು ಹಿಡಿದು ಬಂದ ಬೀಬಿಯನ್ನು ಕಂಡು ಎದ್ದು ನಿಂತಳು, ಹತ್ತಿರ ಬರಲಿಲ್ಲ.

ಒಳಗೆ ಅಧಿಕಾರಿ ಕೇಳಿದ್ದಕ್ಕೆಲ್ಲ ಬೀಬಿ ಉತ್ತರ ಹೇಳಿದಳು. ತಾರೀಕು ನೆನಪಿಲ್ಲ, ಟೆಂಟು ಕಿತ್ತು ತಗಡಿನ ಮನೆ ಕೊಟ್ಟ ಮೇಲಿನ ಎರಡನೇ ಖರ್ಜೂರದ ಕಾಲ. ನೋವು ಮಧ್ಯಾಹ್ನ ಶುರುವಾಯಿತು. ಮಗು ಅಡ್ಡ ತಿರುಗಿತ್ತು, ಎಡಗಾಲು ಮೊದಲು ಬಂತು. ಎಡ ಹಿಮ್ಮಡಿಯ ಮೇಲೆ ನನ್ನ ಉಗುರು ತಾಗಿದ ಕಲೆ ಇರಬೇಕು, ಬೇಕಾದರೆ ನೋಡಿ. ಅಧಿಕಾರಿ ಫೋನು ಎತ್ತಿ ಯಾರಿಗೋ ನೋಡಲು ಹೇಳಿದ. ಕಾದರು. ಬೀಬಿ ತೂಬಾಳ ಕೈ ಹಿಡಿದುಕೊಂಡಳು. ಫೋನು ಬಂತು. ಅಧಿಕಾರಿ “ಹೂಂ” ಎಂದು ಇಟ್ಟ.

“ಸತ್ತ ಮಗುವಿನ ಪುಸ್ತಕ ಇವನಿಗೆ ಕೊಡಿ ಅಂತ ಹೇಳಿದ್ದು ಯಾರು?”

ತೂಬಾ ಅಜ್ಜಿಯ ಕೈಯನ್ನು ಒತ್ತಿ ಹಿಡಿದಳು.

“ನಾನು,” ಎಂದಳು ಬೀಬಿ.

ಅವನು ಅದನ್ನೂ ಬರೆದ. ಇದಕ್ಕೆ ಬೇರೆ ಕೇಸು ಆಗುತ್ತದೆ ಎಂದ. ಅಂಗಡಿಯ ಪರವಾನಗಿ ಇವತ್ತೇ ರದ್ದು, ಫರ್‌ಶಾದ್ ಸೋಮವಾರ ಹಾಜರಾಗಬೇಕು ಎಂದ. ಇಷ್ಟರಿಂದ ಹುಡುಗ ಉಳಿಯುತ್ತಾನೆಯೇ ಎಂದು ತೂಬಾ ಕೇಳಿದಾಗ, ಅದು ಕೆರ್ಮಾನಿನ ನ್ಯಾಯಾಧೀಶರ ಮಾತು, ನನ್ನದಲ್ಲ ಎಂದ. ಆಮೇಲೆ ತಡೆದು, 'ಹದಿಮೂರು' ಎನ್ನುವ ದೊಡ್ಡವರ ಸಾಕ್ಷಿ ಕಡತಕ್ಕೆ ಮೊದಲ ಬಾರಿಗೆ ಸೇರಿತು, ಅಷ್ಟು ಹೇಳಬಲ್ಲೆ ಎಂದ.

ರುಖ್ಸಾರೆಯನ್ನು ಒಳಗೆ ಕರೆದರು.

“ಇವನಿಗೆ ಹೊಸ ಪುಸ್ತಕಕ್ಕೆ ಅರ್ಜಿ ಹಾಕಬೇಕಾದ್ರೆ ಮೊದಲು ಹಳೆಯದನ್ನ ಮುಚ್ಚಬೇಕು ತಾಯಿ,” ಎಂದ ಅಧಿಕಾರಿ. ಅವನ ದನಿ ತಗ್ಗಿತ್ತು. “ಮಿಲಾದ್ ಸತ್ತಿದಾನೆ ಅಂತ ನೀವು ಬರೆದುಕೊಡಬೇಕು. ಇಷ್ಟು ದಿನ ಬರೆದುಕೊಟ್ಟಿಲ್ಲ.”

ರುಖ್ಸಾರೆ ಮೇಜಿನ ಅಂಚು ಹಿಡಿದಳು. ಕಾಗದ ಅವಳ ಮುಂದಿತ್ತು, ಪೆನ್ನೂ ಇತ್ತು. ಅವಳು ಕಾಗದವನ್ನು ನೋಡಿದಳು, ಬೀಬಿಯನ್ನು ನೋಡಿದಳು.

“ಬರಿ ಮಗಳೇ,” ಎಂದಳು ಬೀಬಿ. “ಅವನು ಮಲಗ್ಲಿ. ಇವನು ಇರಲಿ.”

ರುಖ್ಸಾರೆ ಬರೆದಳು. ಮಗುವಿನ ಹೆಸರು ಬರೆದಳು, ಗಂಡನ ಹೆಸರು, ತನ್ನ ಹೆಸರು ಬರೆದಳು. ಸತ್ತ ದಿನ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅದನ್ನು ಬರೆಯಲು ಅವಳ ಕೈ ಒಪ್ಪಲಿಲ್ಲ.

ಅಧಿಕಾರಿ ಪೆನ್ನನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. ಯಾವ ದಿನ ಎಂದು ಅವನು ಕೇಳಲಿಲ್ಲ. ಆ ಊರಿನಲ್ಲಿ ಹುಟ್ಟಿದವನು ಅವನೂ. ದಿನ, ತಿಂಗಳು, ವರ್ಷ ಮೂರನ್ನೂ ತಲೆ ಎತ್ತದೆ ತಾನೇ ಬರೆದ.